ಎಡ ನಾಲ್ಕು, ಬಲ ಆರು

ಮಂಡಿಯೂರಿ ಕೂತವಳಿಗೆ ಊರು ಹಿಮ್ಮಡಿಯಿಂದ ಶುರು.
ಹಂಪನಕಟ್ಟೆಯ ಈ ಚಪ್ಪಲಿ ಅಂಗಡಿಯಲ್ಲಿ
ಇಪ್ಪತ್ತೆರಡು ವರ್ಷ, ನಾನು ಮುಖ ನೋಡಿದ್ದು ಕಡಿಮೆ.
ಬ್ಯಾಂಕಿನವರ ಕಾಲು ಸಾಕ್ಸಿನೊಳಗೆ ಬೆವೆತು ಬಿಳಿಚಿರುತ್ತದೆ,
ಧಕ್ಕೆಯವರ ಬೆರಳ ಸಂದಿಯಲ್ಲಿ ಉಪ್ಪು ಕಡಿದ ಗಾಯ,
ಮದುಮಗಳ ಪಾದ ಅವಳಿಗಿಂತ ಮೊದಲೇ ಹೆದರಿ ತಣ್ಣಗೆ.
ಹುಣ್ಣಿದ್ದವರು ಕಾಲು ಒಳಗೆಳೆದುಕೊಳ್ಳುತ್ತಾರೆ.
ಆಗ ಕಣ್ಣು ಬೇರೆಲ್ಲೋ ಇರಬೇಕು,
ಕೈ ಮಾತ್ರ ಕೆಲಸದಲ್ಲಿರಬೇಕು.
ಇದನ್ನು ಕಲಿಸಿದ್ದು ಇದಿನಬ್ಬಾಕ. ಬಾಯಲ್ಲಿ ಹೇಳಿ ಅಲ್ಲ.

ಬೆಂಗ್ರೆಯಿಂದ ದೋಣಿ ದಾಟಿ ಬಂದ ಜಲಜಕ್ಕ
ಒಂದನೇ ಕ್ಲಾಸಿನ ಮಗಳನ್ನು ಬೆಂಚಿಗೆ ಕೂರಿಸಿ
ನಾನು ಅಳತೆಪಟ್ಟಿ ಹಿಡಿಯುವ ಮೊದಲೇ ಹೇಳಿದಳು:
"ಎರಡು ಜೊತೆ ಕೊಡಿ. ಹತ್ತು ಒಂದು, ಹನ್ನೆರಡು ಒಂದು."
ಬಾಯಿಪಾಠ ಒಪ್ಪಿಸಿದ ಹಾಗೆ. ನೋಟು ಎಣಿಸಿ ಮಡಚಿ ಆಗಿತ್ತು.
ಮಗುವಿನ ಎಡಗಾಲು ಹುಟ್ಟುವಾಗಲೇ ಹಿಂದೆ ಉಳಿದದ್ದು.

ಇದಿನಬ್ಬಾಕ ಕ್ಯಾಶಿನಿಂದ ಎದ್ದು ಬಂದರು,
ಬಿಳಿ ಲುಂಗಿ ಒತ್ತಿಕೊಂಡು ನೆಲಕ್ಕೇ ಮೊಣಕಾಲೂರಿದರು,
ಎರಡು ಪೆಟ್ಟಿಗೆ ಒಡೆದು ಒಂದು ಜೊತೆ ಮಾಡಿದರು.
"ಮಗುವಿಗೆ ಇರುವುದು ಎರಡೇ ಕಾಲಲ್ವಾ ಮಾರಾಯ್ತಿ,
ನಾಲ್ಕಕ್ಕೆ ಎಂತಕ್ಕೆ ದುಡ್ಡು?"

ಮರುದಿನ ಅವಳು ಬಂಗುಡೆ ತಂದುಕೊಟ್ಟಳು ಅಂತ ಬರೆದರೆ ಚೆಂದ.
ತರಲಿಲ್ಲ.
ಅಲ್ಲೇ ನಿಂತು ಇನ್ನೂ ಇಪ್ಪತ್ತು ರೂಪಾಯಿ ಕಮ್ಮಿ ಮಾಡಿಸಿದಳು.
ಮತ್ತೆ ಪ್ರತಿ ಜೂನಿಗೆ ಬಂದಳು.

ಈಗ ಗಲ್ಲದಲ್ಲಿ ಮಗ ಅನ್ಸಾರ್.
ಇದಿನಬ್ಬಾಕನ ಮೊಣಕಾಲು ಸವೆದು ಹೋಗಿದೆ,
ಮನೆಯ ಮೆಟ್ಟಿಲೂ ಇಳಿಯುವುದಿಲ್ಲ.
ಕಳೆದ ತಿಂಗಳು ಟೈ ಕಟ್ಟಿದ ಒಬ್ಬರು ಬಂದು
ಮೂರು ಸೆಕೆಂಡಿನೊಳಗೆ ನಗುವುದು ಹೇಗೆಂದು ತೋರಿಸಿದರು,
ಗಿರಾಕಿ ದೇವರು ಅಂತ ಗೋಡೆಗೆ ಅಂಟಿಸಿ ಹೋದರು.
ದೇವರಿಗಾದರೆ ಸುಲಭ ಇತ್ತು. ಚಪ್ಪಲಿ ಹೊರಗೇ ಬಿಟ್ಟು ಹೋಗಬಹುದಿತ್ತು.

ಸ್ಟಾಕು ಎಣಿಸುವ ದಿನ ಅಟ್ಟದಿಂದ ಇಳಿಸಿದೆ
ಹದಿಮೂರು ಪೆಟ್ಟಿಗೆ.
ಎಡ ಹನ್ನೆರಡು, ಬಲ ಹತ್ತು.
ಆಮೇಲೆ ಒಂದು ನಂಬರು ದೊಡ್ಡದು, ಆಮೇಲೆ ಇನ್ನೊಂದು,
ಕಪ್ಪು ಬೆಲ್ಟಿನ ಶೂ, ಪಿ.ಟಿ.ಯ ಕ್ಯಾನ್ವಾಸು,
ಕಾಲೇಜು ಸೇರಿದ ವರ್ಷದ ಕಂದು ಸ್ಯಾಂಡಲ್,
ತೆಳು ಕಾಗದದಲ್ಲಿ ಸುತ್ತಿದ್ದು ಸುತ್ತಿದ ಹಾಗೇ.
ಕನ್ನಡಿಯೊಳಗಿನ ಒಂದು ಹುಡುಗಿ ಅಷ್ಟೂ ವರ್ಷ
ನೆಲ ಮುಟ್ಟದೆ ಅಟ್ಟದ ಮೇಲೆ ಬೆಳೆದಿದ್ದಳು.
"ಇದು ಯಾವ ಲೆಕ್ಕಕ್ಕೆ?" ಅನ್ಸಾರ್ ಕೇಳಿದ.
ಕಂಪ್ಯೂಟರು ಜೊತೆಗೆ ಒಂದೇ ನಂಬರು ಕೇಳುತ್ತದೆ.
ಹಳೇ ಲೆಜರು ತೆಗೆದೆ. ಅವರ ಕೈಬರಹ, ಹದಿಮೂರು ಕಡೆ:
"ಒಂದು ಜೊತೆ. ಮಾರಿದ್ದು."
ಉಳಿದದ್ದರ ಬಗ್ಗೆ ಒಂದಕ್ಷರ ಇಲ್ಲ.
ಅವನು ಏನೂ ಹೇಳಲಿಲ್ಲ, ಬಿಸಾಡು ಅಂತಲೂ.

ಮೊನ್ನೆ ನಿರೀಕ್ಷಾ ಒಬ್ಬಳೇ ಬಂದಳು.
ನರ್ಸಿಂಗ್ ಮುಗಿದಿದೆ, ಕಂಕನಾಡಿಯಲ್ಲಿ ಡ್ಯೂಟಿ,
ಬಿಳಿ ಶೂ ಬೇಕು, ರಾತ್ರಿಯಿಡೀ ನಿಲ್ಲುವಂಥದ್ದು.
ಹೊಸ ಹುಡುಗ ನಕ್ಕ. ಸೈಜು ಕೇಳಿದ.
ಅವಳು ನನ್ನ ಕಡೆ ನೋಡಿ ಎರಡೂ ಕಾಲು ಮುಂದೆ ಚಾಚಿದಳು,
ಮನೆಯಲ್ಲಿ ಚಾಚಿದ ಹಾಗೆ.
ನಾನು ಎರಡು ಪೆಟ್ಟಿಗೆ ಒಡೆದೆ.

ಅನ್ಸಾರ್ ಕೀಬೋರ್ಡಿನ ಮೇಲೆ ಬೆರಳಿಟ್ಟು ತುಂಬ ಹೊತ್ತು ಕೂತ.
"ಯಾವ ನಂಬರು ಹಾಕಲಿ?"
"ಯಾವುದಾದರೊಂದು," ಅಂದೆ, "ಒಂದೇ."
ಒಂದೇ ಹಾಕಿದ.

ಪರ್ಸು ಬಿಚ್ಚುತ್ತಾ ಅವಳು ಬಿಲ್ಲು ಓದಿದಳು,
ಹುಬ್ಬು ಥೇಟ್ ಅಮ್ಮನ ಹಾಗೆ ಮೇಲೆ ಹೋಯಿತು:
"ಇಪ್ಪತ್ತು ರೂಪಾಯಿ ಕಮ್ಮಿ ಮಾಡಿ."